ಕ್ಯಾರಿಯರ್ ಮೇಲಿನ ಢೋಲಕ್

ಗಾಳಿಪುರ, ಚಾಮರಾಜನಗರ
೯ ಜನವರಿ ೨೦೦೫, ಭಾನುವಾರ

ಪ್ರೀತಿಯ ಆಪಾ,

ಅಸ್ಸಲಾಮು ಅಲೈಕುಮ್. ಈ ಚಳಿಯಲ್ಲಿ ನಿಮ್ಮ ಮೊಣಕಾಲಿನ ನೋವು ಹೇಗಿದೆ? ಗುಂಡ್ಲುಪೇಟೆಯ ಮಂಜು ನಮ್ಮೂರಿನದಕ್ಕಿಂತ ಒಂದು ಪಾಲು ಹೆಚ್ಚು. ಬೆಳಗಿನ ನಮಾಜಿಗೆ ಮೊದಲು ಕೈಕಾಲು ತೊಳೆಯುವ ವುಜೂಗೆ ತಣ್ಣೀರನ್ನೇ ಬಳಸುವ ಹಟವನ್ನು ಈ ಒಂದು ತಿಂಗಳ ಮಟ್ಟಿಗಾದರೂ ಬಿಡಬೇಕೆಂದು ಆಮಿನಾ ನನ್ನ ಪಕ್ಕದಲ್ಲಿ ನಿಂತು ಬರೆಸುತ್ತಿದ್ದಾಳೆ. ನೀರು ಕಾಯಿಸಿಕೊಳ್ಳಿ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳುವುದೋ ಆಮೇಲೋ ಎಂಬ ನಿಮ್ಮ ಗೊಂದಲ ಬಗೆಹರಿಯಿತೆಂದು ಭಾವಿಸಿದ್ದೇನೆ. ಇಲ್ಲಿ ನಾವೆಲ್ಲರೂ ಕ್ಷೇಮ.

ಇದನ್ನು ಫೋನಿನಲ್ಲೇ ಹೇಳಬಹುದಾಗಿತ್ತು. ಆದರೆ ನಿಮ್ಮ ಫೋನು ಇರುವುದು ಜಾಹಿದನ ತರಕಾರಿ ಮಂಡಿಯಲ್ಲಿ. ಟೊಮೆಟೊ ಹರಾಜಿನ ಕೂಗಿನ ನಡುವೆ, ನಿಮ್ಮ ಮಗನೇ ರಿಸೀವರ್ ಹಿಡಿದು ನಿಂತಿರುವಾಗ, ಇಷ್ಟೆಲ್ಲವನ್ನು ಹೇಳುವುದು ನನ್ನಿಂದಾಗದು. ನಾನು ಫೋನಿನಲ್ಲಿ ಮಾತನಾಡಿದರೆ ಟೆಲಿಗ್ರಾಂ ಓದಿದ ಹಾಗಿರುತ್ತದೆಂದು ನೀವೇ ನಕ್ಕಿದ್ದೀರಿ. ಉರ್ದುವಿನಲ್ಲಿ ಬರೆಯಲು ಕುಳಿತರೆ ನನ್ನದು ಮಗುವಿನ ಕೈ. ನಾವಿಬ್ಬರೂ ಅಕ್ಷರ ಕಲಿತದ್ದು ಕನ್ನಡ ಶಾಲೆಯಲ್ಲಾದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮೊದಲು ಸುದ್ದಿ. ನಮ್ಮ ಮಗಳು ಫಾಯಿಜಾ ಪೊಲೀಸ್ ಕಾನ್ಸ್‌ಟೇಬಲ್ ಹುದ್ದೆಗೆ ಆಯ್ಕೆಯಾಗಿದ್ದಾಳೆ. ಮುಂದಿನ ತಿಂಗಳು ತರಬೇತಿಗೆ ಸೇರಬೇಕು. ಮಿಠಾಯಿಯನ್ನು ಮೊದಲು ಯಾರಿಗೆ ಕೊಡಬೇಕೆಂದು ಮನೆಯಲ್ಲಿ ಚರ್ಚೆಯಾದಾಗ ನಾನು ನಿಮ್ಮ ಹೆಸರು ಹೇಳಿದೆ. ಹಿರಿಯಕ್ಕನೆಂಬ ಮರ್ಯಾದೆಗಾಗಿ ಹಾಗೆಂದೆನೆಂದು ಆಮಿನಾ ತಿಳಿದಳು. ಕಾರಣ ಅದಲ್ಲ. ಆ ಕಾರಣ ನಿಮಗೂ ತಿಳಿದಿಲ್ಲ. ಸೆಪ್ಟೆಂಬರಿನಲ್ಲಿ ನೀವು ನಮ್ಮ ಮನೆಗೆ ಬಂದು, ಮುಖ ಚಿಕ್ಕದು ಮಾಡಿಕೊಂಡು ಸಂಜೆಯ ಬಸ್ಸಿಗೆ ಹೊರಟುಹೋದಿರಿ. ಆ ದಿನ ನಡೆದದ್ದೇನೆಂಬುದನ್ನು ನಾನು ಮೊದಲಿನಿಂದ ಹೇಳಬೇಕು.

ಕಳೆದ ಜೂನಿನಲ್ಲಿ ಫಾಯಿಜಾ ಓಡಲಾರಂಭಿಸಿದಾಗ ಆಮಿನಾಗೆ ಇಷ್ಟವಿರಲಿಲ್ಲ. 'ಓಡಲಿ ಬಿಡು, ಅಲ್ಲಾಹ್ ಕಾಲು ಕೊಟ್ಟಿರೋದು ಮಡಚಿಕೊಂಡು ಕೂರೋಕಾ?' ಎಂದು ನೀವು ಹೇಳಿಕಳುಹಿಸಿದ ಮೇಲೆ ಅವಳು ಸುಮ್ಮನಾದಳು. ಲಿಖಿತ ಪರೀಕ್ಷೆಯ ಬಗ್ಗೆ ಫಾಯಿಜಾಗೆ ಅಂಜಿಕೆಯಿರಲಿಲ್ಲ. ಅಂಜಿಕೆಯಿದ್ದದ್ದು ನಾನೂರು ಮೀಟರ್ ಓಟದ್ದು. ಅದನ್ನು ನಿಗದಿತ ವೇಳೆಯೊಳಗೆ ಮುಗಿಸದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಹಾಗಾಗಿ ಮುಂಜಾನೆಯ ಫಜರ್ ನಮಾಜು ಮುಗಿಸಿ ನಾನು ಸೈಕಲ್ ಹೊರಡಿಸುತ್ತಿದ್ದೆ. ಅವಳು ದುಪಟ್ಟಾಕ್ಕೆ ಎರಡೂ ಭುಜದಲ್ಲಿ ಪಿನ್ನು ಹಾಕಿಕೊಂಡು ಮುಂದೆ ಓಡುತ್ತಿದ್ದಳು. ಊರು ದಾಟಿ ಸಂತೆಮರಹಳ್ಳಿ ರಸ್ತೆಯಲ್ಲಿ ಒಂದಷ್ಟು ದೂರ, ಮರಳಿ ಬರುವಾಗ ಮೈದಾನದಲ್ಲಿ ಒಂದು ಸುತ್ತು. ಆ ಸುತ್ತಿಗೆ ಮಾತ್ರ ನಾನು ಗಡಿಯಾರ ಹಿಡಿಯುತ್ತಿದ್ದೆ.

ಸಂಗೀತ ಬೇಕೆಂದವಳು ಅವಳೇ. ಸುಮ್ಮನೆ ಓಡಿದರೆ ತನ್ನ ಏದುಸಿರೇ ತನಗೆ ಕೇಳಿಸಿ ದಣಿವು ಹೆಚ್ಚುತ್ತದೆಂದಳು. ಅವಳ ಅಣ್ಣ ಅಮ್ಜದ್ ತನ್ನ ವಾಕ್‌ಮನ್ ಕೊಟ್ಟ. ಎರಡೂ ಕಿವಿಗೆ ತಂತಿ ಸಿಕ್ಕಿಸಿಕೊಂಡು ಹೊರಟಳು. ಒಂದು ದಿನ ಕಬ್ಬಿನ ಟ್ರ್ಯಾಕ್ಟರು ಹಿಂದಿನಿಂದ ಹಾರ್ನ್ ಹೊಡೆಯುತ್ತಲೇ ಬಂತು. ನಾನು ಕೂಗಿದೆ, ಅವಳಿಗೆ ಕೇಳಿಸಲಿಲ್ಲ. ಟ್ರೇಲರಿನಿಂದ ಹೊರಚಾಚಿದ್ದ ಕಬ್ಬಿನ ತುದಿ ಅವಳ ತೋಳನ್ನು ಸವರಿಕೊಂಡು ಹೋಯಿತು. ಮನೆಗೆ ಬಂದವನು ಆ ತಂತಿಯನ್ನು ಸುತ್ತಿ ಅಮ್ಜದನಿಗೆ ಹಿಂದಿರುಗಿಸಿದೆ. ನಮ್ಮ ಹಳೆಯ ಟೇಪ್ ರೆಕಾರ್ಡರನ್ನು ಸೈಕಲ್ಲಿನ ಕ್ಯಾರಿಯರ್ ಮೇಲಿಟ್ಟು, ಟ್ಯೂಬಿನ ರಬ್ಬರ್ ಪಟ್ಟಿಯಿಂದ ಬಿಗಿದೆ. ಹಾಡೂ ಕೇಳಬೇಕು, ರಸ್ತೆಯೂ ಕೇಳಬೇಕು.

ಆದರೆ ಯಾವ ಹಾಡು? ಸಿನಿಮಾ ಹಾಡುಗಳು ಓಟಕ್ಕೆ ಒಗ್ಗಲಿಲ್ಲ. ನಡುನಡುವೆ ಪಿಟೀಲು ಬರುತ್ತದೆ, ತಾಳ ಮಾಯವಾಗುತ್ತದೆ, ಅವಳ ಕಾಲು ತೊಡರುತ್ತದೆ. ಕೊನೆಗೆ ಅವಳೇ ಪೆಟ್ಟಿಗೆಯ ತಳದಿಂದ ಅಮ್ಜದನ ಮದುವೆಯಲ್ಲಿ ಧ್ವನಿಮುದ್ರಿಸಿದ್ದ ಕ್ಯಾಸೆಟ್ ತೆಗೆದಳು. ಅರಿಶಿನ ಹಚ್ಚುವ ಹಳದಿಯ ಸಂಜೆ ಹೆಂಗಸರ ನಡುವೆ ಕುಳಿತು ನೀವು ಢೋಲಕ್ ಬಾರಿಸುತ್ತ ಹಾಡಿದ್ದು. ಒಂದು ಹಾಡಿನಿಂದ ಇನ್ನೊಂದಕ್ಕೆ ನಿಲ್ಲದೆ ಹೋಗಿದ್ದೀರಿ. ಮದುಮಗನ ಮೂಗನ್ನು ಹಾಸ್ಯ ಮಾಡುವ ಹಾಡಿನಲ್ಲಿ ಯಾರೋ ನಗು ತಡೆಯಲಾರದೆ ತಟ್ಟೆ ಬೀಳಿಸಿದ್ದಾರೆ; ಆಗಲೂ ನಿಮ್ಮ ಬೆರಳು ತಾಳ ಬಿಟ್ಟಿಲ್ಲ. ಅಷ್ಟು ಸಮನಾದ ತಾಳವನ್ನು ನಾನು ಯಂತ್ರಗಳಲ್ಲಿಯೂ ಅಪರೂಪಕ್ಕೆ ಕಂಡಿದ್ದೇನೆ. ಮೊದಲ ದಿನವೇ ಅವಳ ಹೆಜ್ಜೆ ಅದಕ್ಕೆ ಕೂಡಿಕೊಂಡಿತು.

ಬೆಳಗಿನ ರಸ್ತೆಯಲ್ಲಿ ಮದುವೆಯ ಹಾಡು, ಮುಂದೆ ಓಡುವ ಹುಡುಗಿ, ಹಿಂದೆ ಸೈಕಲ್ ತುಳಿಯುವ ಅಪ್ಪ. ಜನ ಸುಮ್ಮನಿರುತ್ತಾರೆಯೇ? ಹಾಲಿನ ಕ್ಯಾನು ತರುವ ಮಾದಪ್ಪ ದಿನವೂ ಸೈಕಲ್ ನಿಧಾನಿಸಿ, 'ಏನ್ ಸಾಬ್ರೆ, ಗಂಡೇ ಇಲ್ದೆ ದಿಬ್ಣ ಒಂಟದಲ್ಲ! ಮದ್ಲಿಂಗನ್ನ ಎಲ್ಲಿ ಬುಟ್‌ಬುಟ್ರಿ?' ಎನ್ನುತ್ತಿದ್ದ. ಆಡು ಮೇಯಿಸಲು ಬರುವ ಪುಟ್ಟಸಿದ್ದಮ್ಮ ಅವನಿಗಿಂತ ಜೋರು. 'ಓಡು ಕಣಮ್ಮಿ, ಓಡು! ನಿಮ್ಮಪ್ಪನ ಕೈಗೆ ಸಿಕ್ಕಾಕಂಡ್ರೆ ಮದ್ವೆ ಮಾಡ್ಬುಡ್ತಾನೆ!' ಎಂದು ಕೋಲು ಎತ್ತಿ ಕೂಗುತ್ತಿದ್ದಳು. ಫಾಯಿಜಾ ನಗುತ್ತ ಓಡುತ್ತಿದ್ದಳು. ನನಗೆ ನಗು ಬರುವುದು ತಡ. ಮನೆ ತಲುಪಿದ ಮೇಲೆ ಬರುತ್ತಿತ್ತು.

ಆಗಸ್ಟಿನಿಂದ ಅವಳ ಓಟ ಕುಸಿಯತೊಡಗಿತು. ಒಮ್ಮೆಲೇ ಅಲ್ಲ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ. ಮೈದಾನದ ಸುತ್ತು ವೇಳೆಯೊಳಗೆ ಮುಗಿಯುತ್ತಿದ್ದದ್ದು ಅಂಚಿಗೆ ಬಂತು, ಆಮೇಲೆ ಅಂಚು ದಾಟಿತು. ಆಮಿನಾ ಖರ್ಜೂರ ನೆನೆಹಾಕಿದಳು, ಮೊಟ್ಟೆ ಬೇಯಿಸಿದಳು. ರಕ್ತ ಪರೀಕ್ಷೆಯಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಆದರೂ ಕಬ್ಬಿಣದ ಟಾನಿಕ್ ತಂದೆವು. ಮಸೀದಿಯಿಂದ ಹೊರಬರುವಾಗ ಹಿರಿಯರೊಬ್ಬರು ಕೈ ಹಿಡಿದು, 'ಮೊಹಿದ್ದೀನ್ ಭಾಯ್, ಬೇಜಾರಾಗಬೇಡಿ, ಓಡೋ ಹುಡುಗಿಗೆ ನಿಲ್ಲೋ ಮನೆ ಎಲ್ಲಿ ಹುಡುಕ್ತೀರಿ?' ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಒಂದು ಬೆಳಗ್ಗೆ ಫಾಯಿಜಾ ರಸ್ತೆಯ ಮೋರಿಕಟ್ಟೆಯ ಮೇಲೆ ಕುಳಿತುಬಿಟ್ಟಳು. 'ಅಬ್ಬಾ, ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ. ಇಷ್ಟೇ ಅಂತ ಕಾಣ್ಸುತ್ತೆ ನನ್ನ ಶಕ್ತಿ' ಎಂದಳು. ಅವಳ ಹಿಂದೆ ಟೇಪು ಹಾಡುತ್ತಲೇ ಇತ್ತು. ನಾನು ಅದನ್ನು ಆರಿಸಿದೆ.

ಅದೇ ವಾರ ನೀವು ಬರುವಿರೆಂದು ಕಾಗದ ಬಂತು. ಏಕೆ ಬರುತ್ತೀರೆಂಬುದು ನಮಗೆ ಗೊತ್ತಿತ್ತು. ಜಾಹಿದನಿಗೆ ಫಾಯಿಜಾಳನ್ನು ಕೇಳಲು. ಆಪಾ, ನೀವು ಬರುವ ಹಿಂದಿನ ರಾತ್ರಿ ನಾನು ಆಮಿನಾಳೊಂದಿಗೆ ನಿರ್ಧರಿಸಿಬಿಟ್ಟಿದ್ದೆ. ನೀವು ಕೇಳಿದೊಡನೆ ಒಪ್ಪಿಗೆ ಕೊಡುವುದು, ಓಟವನ್ನು ನಿಲ್ಲಿಸುವುದು. ಫಾಯಿಜಾಳಿಗೂ ಹೇಳಿದೆವು. 'ನಾಳೆ ಒಂದಿನ ಓಡಿಬಿಡ್ತೀನಿ' ಎಂದಳು, ಅಷ್ಟೆ.

ಮರುದಿನ ನಾವು ಓಟ ಮುಗಿಸಿ ಬಂದಾಗ, ಮೊದಲ ಬಸ್ಸಿಗೇ ಬಂದಿದ್ದ ನೀವು ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಿರಿ. ಕ್ಯಾರಿಯರ್ ಮೇಲೆ ಟೇಪು ಇನ್ನೂ ಹಾಡುತ್ತಿತ್ತು. ನೀವು ತಲೆಯೆತ್ತಿ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. 'ಯಾರೋ ಇದು, ಗಂಡಸು ಹಾಡಿದ ಹಾಗೆ? ನಾನಾ? ನಾನು ಹಾಡಿದ್ದು ಮದುವೆ ಮನೇಲಿ, ಮಯ್ಯತ್ತಿಗೆ ಅಳೋ ಮನೇಲಲ್ಲ. ಈ ಹಾಡಿಗೆ ಎಮ್ಮೆ ಕೂಡ ಓಡಲ್ಲ!' ಎಲ್ಲರೂ ನಕ್ಕರು. ನೀವೂ ನಕ್ಕು ಅಕ್ಕಿಯ ಕಡೆ ತಿರುಗಿದಿರಿ. ನಾನು ಮಾತ್ರ ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತು ನಿಂತೆ.

ನಮ್ಮ ಮನೆಯಲ್ಲಿ ಸೆಲ್ಲು ಸೊರಗಿದರೆ ಎಸೆಯುವ ಪದ್ಧತಿಯಿಲ್ಲ. ಆ ಪದ್ಧತಿಯನ್ನು ನಮಗೆ ಕಲಿಸಿದವರು ನೀವೇ. ಚಿಕ್ಕಂದಿನಲ್ಲಿ ರೇಡಿಯೊದ ಸೆಲ್ಲುಗಳನ್ನು ಹಪ್ಪಳದ ಪಕ್ಕದಲ್ಲಿ ಬಿಸಿಲಿಗೆ ಇಟ್ಟು, ಮಗ್ಗುಲು ಬದಲಿಸಿ, ಸಂಜೆ ಮತ್ತೆ ಹಾಕುತ್ತಿದ್ದಿರಿ. ಫಾಯಿಜಾ ಅದನ್ನೇ ಮಾಡುತ್ತಿದ್ದಳು. ಬಿಸಿಲಿಗೆ ಕಾದ ಸೆಲ್ಲು ಬೆಳಗ್ಗೆ ಟೇಪನ್ನು ತಿರುಗಿಸುತ್ತದೆ, ಆದರೆ ಪೂರ್ಣ ವೇಗದಲ್ಲಿ ಅಲ್ಲ. ಪೂರ್ತಿ ಸತ್ತಿದ್ದರೆ ನಮಗೆ ತಿಳಿಯುತ್ತಿತ್ತು. ಸಾಯದೆ, ಬದುಕದೆ ಅದು ದಿನಕ್ಕೊಂದು ಕೂದಲೆಳೆಯಷ್ಟು ನಿಧಾನವಾಗುತ್ತ ಬಂದಿತ್ತು. ನಿಮ್ಮ ದನಿ ತಗ್ಗಿತು, ಢೋಲಕ್ ತಡವಾಯಿತು, ತಾಳಕ್ಕೆ ಕಟ್ಟುಬಿದ್ದ ಹುಡುಗಿಯ ಹೆಜ್ಜೆಯೂ ಜೊತೆಯಲ್ಲೇ ತಡವಾಯಿತು. ದಿನವೂ ಕೇಳುತ್ತಿದ್ದ ನಮ್ಮ ಕಿವಿಗೆ ಅದು ಗೊತ್ತಾಗಲಿಲ್ಲ. ವಿದ್ಯುತ್ ಮೀಟರುಗಳ ತಪ್ಪು ಹುಡುಕಿ ಸಂಬಳ ಪಡೆಯುವ ನಾನು ಆ ಸೆಲ್ಲುಗಳನ್ನು ಒಮ್ಮೆ ಅಳೆದೂ ನೋಡಿದ್ದೆ, ಆದರೆ ಟೇಪಿನಿಂದ ಹೊರತೆಗೆದು, ಬಿಡಿಯಾಗಿ. ಟೇಪನ್ನು ತಿರುಗಿಸುವ ಹೊರೆಯಿಲ್ಲದಾಗ ಸೊರಗಿದ ಸೆಲ್ಲೂ ಗಟ್ಟಿಯಾಗಿಯೇ ತೋರುತ್ತದೆ. ಅಂದು ಟೇಪು ಓಡುತ್ತಿರುವಾಗಲೇ ಅಳೆದೆ. ಮೀಟರಿನ ಮುಳ್ಳು ಕೆಳಗೆ ಇಳಿಯಿತು.

ಊಟವಾದ ಮೇಲೆ ನೀವು ಜಾಹಿದನ ಮಾತು ತೆಗೆದಿರಿ. ಒಪ್ಪಿಗೆ ನನ್ನ ನಾಲಿಗೆಯ ತುದಿಯಲ್ಲಿ ಇರಬೇಕಾಗಿತ್ತು. 'ಪರೀಕ್ಷೆ ಮುಗಿಯಲಿ ಆಪಾ, ಆಮೇಲೆ ನೋಡೋಣ' ಎಂದೆ. ಏಕೆಂದು ವಿವರಿಸಲಿಲ್ಲ. ನೀವು ಎಲೆ ಅಡಿಕೆಯನ್ನು ಹಾಗೆಯೇ ತಟ್ಟೆಯಲ್ಲಿ ಬಿಟ್ಟು ಎದ್ದಿರಿ. ನಿಮ್ಮ ಮಗನಿಗಾಗಿ ಬಂದವರು, ನೀವೇ ಆಡಿದ ಒಂದು ತಮಾಷೆಯಿಂದ ಬರಿಗೈಯಲ್ಲಿ ಹಿಂದಿರುಗಿದಿರಿ. ಅದನ್ನು ನೆನೆದಾಗಲೆಲ್ಲ ನನಗೆ ಕೃತಜ್ಞತೆಯೂ ಸಂಕೋಚವೂ ಒಟ್ಟಿಗೇ ಆಗುತ್ತವೆ.

ಮಾರನೆಯ ದಿನ ಹಳೆಯ ಮೊಪೆಡ್ಡಿನ ಆರು ವೋಲ್ಟಿನ ಬ್ಯಾಟರಿಯನ್ನು ಚಾರ್ಜ್ ಮಾಡಿ ಟೇಪಿಗೆ ಜೋಡಿಸಿದೆ. ಫಾಯಿಜಾಗೆ ಏನನ್ನೂ ಹೇಳಲಿಲ್ಲ. ಹೇಳಿದರೆ ಅಳತೆಯಲ್ಲಿ ಅವಳ ಆಸೆಯೂ ಸೇರಿಕೊಳ್ಳುತ್ತದೆ. ಗುಂಡಿ ಒತ್ತಿದೊಡನೆ ನಿಮ್ಮ ನಿಜವಾದ ದನಿ ಬಂತು. ಹುಡುಗಿ ಬೆಚ್ಚಿ ಹಿಂದಿರುಗಿ ನೋಡಿ, 'ಅಬ್ಬಾ, ಫುಪ್ಪು ಅಟ್ಟಿಸ್ಕೊಂಡು ಬರ್ತಿದ್ದಾರೆ!' ಎಂದು ಕೂಗಿ ಓಡಿದಳು. ನಾನು ಪೆಡಲಿನ ಮೇಲೆ ಎದ್ದು ನಿಂತು ತುಳಿಯಬೇಕಾಯಿತು. ಆಮೇಲಿನ ವಾರಗಳಲ್ಲಿ ಅವಳು ಹಿಂದೆ ನೋಡಲಿಲ್ಲ. ರಂಜಾನಿನಲ್ಲಿಯೂ ನಿಲ್ಲಿಸಲಿಲ್ಲ, ಇಫ್ತಾರಿಗೆ ಸ್ವಲ್ಪ ಮೊದಲು ಓಡಿ, ಬಾಂಗು ಕೇಳಿಸುವ ಹೊತ್ತಿಗೆ ಮನೆ ಸೇರಿ ನೀರು ಕುಡಿಯುತ್ತಿದ್ದಳು.

ಡಿಸೆಂಬರಿನ ಪರೀಕ್ಷೆಗೆ ಟೇಪನ್ನು ಒಳಗೆ ಬಿಡಲಿಲ್ಲ. ಬಿಡುವುದಿಲ್ಲವೆಂದು ನನಗೆ ಗೊತ್ತಿತ್ತು. ತಂತಿಬೇಲಿಯ ಹೊರಗೆ, ಇತರ ಅಪ್ಪಂದಿರ ಜೊತೆ ನಿಂತಿದ್ದೆ. ಸೀಟಿ ಊದಿದರು. ಬೇರೆ ಹುಡುಗಿಯರು ಹಲ್ಲು ಕಚ್ಚಿ ಓಡುತ್ತಿದ್ದರು. ನಮ್ಮವಳ ತುಟಿ ಮಾತ್ರ ಅಲುಗುತ್ತಿತ್ತು. ನಾನು ಗಡಿಯಾರ ನೋಡಲಿಲ್ಲ, ಅವಳ ತುಟಿಯನ್ನೇ ನೋಡಿದೆ. ಗೆರೆ ದಾಟಿದಾಗ ಹಾಡು ಇನ್ನೂ ಮುಗಿದಿರಲಿಲ್ಲ. ಪಕ್ಕದಲ್ಲಿದ್ದವರು, 'ಯಾಕ್ ಸಾಬ್ರೆ, ಅಳ್ತಾ ಇದ್ದೀರಿ? ನಿಮ್ಮುಡ್ಗಿ ಪಾಸು ಕಣ್ರೀ!' ಎಂದರು. ಮಂಜಿಗೆ ಕಣ್ಣು ಉರಿಯುತ್ತಿದೆ ಎಂದೆ.

ಅಮ್ಮಿ ತೀರಿಕೊಂಡ ಮೇಲೆ ನಿಮ್ಮ ಹೊಲಿಗೆ ಯಂತ್ರದ ಸದ್ದಿನ ಪಕ್ಕದಲ್ಲಿ ಕುಳಿತು ಓದಿ ನಾನು ಒಂದು ತರಬೇತಿ ಮುಗಿಸಿದೆ. ಈಗ ನಿಮ್ಮ ದನಿಯನ್ನು ಬೆನ್ನಿಗಿಟ್ಟುಕೊಂಡು ನನ್ನ ಮಗಳು ತರಬೇತಿಗೆ ಹೊರಟಿದ್ದಾಳೆ. ಇದನ್ನು ಎದುರಿಗೆ ನಿಂತು ಹೇಳುವ ಸ್ವಭಾವ ನನ್ನದಲ್ಲ. ಅದು ನಿಮಗೆ ಗೊತ್ತು.

ಆಮಿನಾ ಸಲಾಂ ತಿಳಿಸಿದ್ದಾಳೆ. ಬಕ್ರೀದಿಗೆ ನೀವೆಲ್ಲರೂ ಇಲ್ಲಿಗೇ ಬರಬೇಕೆಂಬುದು ಅವಳ ಕೋರಿಕೆ. ಅಲ್ಲಾಹ್ ನಿಮ್ಮ ಮೊಣಕಾಲಿಗೆ ಆರಾಮ ಕೊಡಲಿ, ನಮ್ಮ ತಲೆಯ ಮೇಲೆ ನಿಮ್ಮ ಕೈಯನ್ನು ಬಹುಕಾಲ ಇರಿಸಲಿ.

ನಿಮ್ಮ ತಮ್ಮ,
ಗುಲಾಮ್ ಮೊಹಿದ್ದೀನ್

ತಾ.ಕ.: ಮರೆತದ್ದಲ್ಲ ಆಪಾ, ಬರೆಯಲಾರದೆ ಸಹಿ ಹಾಕಿಬಿಟ್ಟೆ. ಜಾಹಿದನ ವಿಷಯ. ಫಾಯಿಜಾ ಒಲ್ಲೆ ಎಂದಿದ್ದಾಳೆ. ಈಗ ಬೇಡವೆಂದಲ್ಲ, ಬೇಡವೆಂದೇ. ಹುಡುಗನಲ್ಲಿ ಒಂದು ಕುಂದೂ ಇಲ್ಲ. 'ಜಾಹಿದ್ ಭಾಯ್ ಅಂತ ಕರೆದು ಬೆಳೆದೆ ಅಬ್ಬಾ, ಬೇರೆ ಥರ ನೆನೆಯೋಕೆ ನನ್ನಿಂದ ಆಗಲ್ಲ' ಎಂದಳು. ನಾನು ಒಪ್ಪಿದ್ದೇನೆ. ಇದನ್ನು ಕಾಗದದಲ್ಲಿ ತಿಳಿಸಕೂಡದು, ಫುಪ್ಪುವಿನ ಎದುರು ಕುಳಿತು ತಾನೇ ಹೇಳಬೇಕೆಂದು ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದಾಳೆ. ಅವಳಿಗೆ ತಿಳಿಯದಂತೆ ನಾನು ಮೊದಲೇ ಬರೆಯುತ್ತಿದ್ದೇನೆ. ನಿಮಗಾಗುವ ಮೊದಲ ನೋವನ್ನು ಅವಳು ಕಣ್ಣಾರೆ ಕಾಣಬಾರದೆಂದು. ಅಳುವುದಿದ್ದರೆ, ಕೋಪಿಸಿಕೊಳ್ಳುವುದಿದ್ದರೆ ಈ ವಾರದಲ್ಲಿ ಮುಗಿಸಿಕೊಳ್ಳಿ. ಆಮೇಲೂ ಬೈಗುಳ ಉಳಿದರೆ ನಾನೂ ಅದೇ ಬಸ್ಸಿನಲ್ಲಿದ್ದೇನೆ. ಅವಳು ಹೇಳುವಾಗ ಮಾತ್ರ, ಮೊದಲ ಸಲ ಕೇಳಿದ ಹಾಗೆ ಕೇಳಿ.