ಮೂವತ್ತೊಂಬತ್ತರ ಕೆಳಗಿನ ಗೆರೆ

ಶನಿವಾರ, ಹದಿನಾಲ್ಕನೇ ತಾರೀಖು.

ಗೆರೆ ತಪ್ಪಿದೆ. ಚೆಸ್ ಕ್ಲಬ್ಬಿಗೆ ನಮ್ಮ ಪ್ರೆಸ್ಸಿನಲ್ಲಿ ಅಚ್ಚು ಹಾಕಿಕೊಟ್ಟ ನಡೆ ಬರೆಯುವ ಹಾಳೆಯಲ್ಲಿ, ನಲವತ್ತನೇ ನಡೆಯ ಕೆಳಗಿರಬೇಕಾದ ದಪ್ಪ ಗೆರೆ ಮೂವತ್ತೊಂಬತ್ತರ ಕೆಳಗೆ ಕೂತಿದೆ. ಕೊಟ್ಟ ಸಮಯದೊಳಗೆ ನಲವತ್ತು ನಡೆ ಮುಗಿಸಿದವರಿಗೆ ಹೆಚ್ಚಿನ ಸಮಯ ಸಿಗುತ್ತದೆ. ಗಡಿಯಾರ ಓಡುವಾಗ ಅಂಕಿ ಯಾರು ಓದುತ್ತಾರೆ? ಗೆರೆ ಮುಟ್ಟಿತೆಂದು ನಿರಾಳವಾಗಿ ಕೂರುತ್ತಾರೆ, ಒಂದು ನಡೆ ಬಾಕಿ ಇರುವಾಗಲೇ ಸಮಯ ಮುಗಿದು ಸೋಲುತ್ತಾರೆ.

ಕಂಪ್ಯೂಟರಿನಲ್ಲಿ ಹಾಳೆ ಮಾಡಿದ ಸೊಸೆಗೆ ತೋರಿಸಿದೆ. "ಮಾವ, ಪ್ರೂಫ್ ನೋಡಿ ಅಂದೆ. 'ಸ್ಕೂಲಲ್ಲೇ ಲೆಕ್ಕ ಮಾಡ್ಲಿಲ್ಲ, ಈಗ ಗೆರೆ ಎಣಿಸ್ಲಾ' ಅಂತ ಸೈನ್ ಹಾಕಿದ್ರಿ" ಅಂದಳು. ಹೌದು, ಅಂದಿದ್ದೆ.

ಕ್ಲಬ್ಬಿನ ಕಾರ್ಯದರ್ಶಿ ಫೋನ್ ಎತ್ತುತ್ತಿಲ್ಲ. ಹಾಳೆಗಳನ್ನು ಮೇಜುಗಳ ಮೇಲಿಟ್ಟು ಕ್ಲಬ್ಬಿಗೆ ಬೀಗ ಹಾಕಿದ್ದಾರಂತೆ. ನಾಳೆಯ ಪಂದ್ಯದಲ್ಲಿ ಆಡುವವರಲ್ಲಿ ನನ್ನ ಅಕ್ಕನೂ ಒಬ್ಬಳು. ಅವಳಿಗಾದರೂ ಹೇಳೋಣವೆಂದು ಹೇಳಿದೆ.

"ನನಗೇನೋ ಹೇಳ್ಬಿಟ್ಟೆ. ನನ್ನೆದುರು ಕೂರೋರಿಗೆ ಯಾರು ಹೇಳ್ತಾರೆ? ಅಂಥ ಗೆಲುವು ನನಗೆ ಬೇಡ ಕಣೋ."

ಅಂದರೆ ಆಟಕ್ಕೆ ಮೊದಲು ಎಲ್ಲರ ಮುಂದೆ ನಿಂತು ನಾನೇ ಹೇಳಬೇಕು. ತಪ್ಪಾಯಿತು ಎಂದು ಯಾರಿಗಾದರೂ ಯಾವಾಗ ಹೇಳಿದ್ದೆನೋ ನೆನಪಿಲ್ಲ. ಈಗ ಆ ಮಾತನ್ನು ಇಲ್ಲಿ ಬರೆದು ನೋಡಿದೆ, ಕೈ ಬರೆಯಿತು. ನಾಳೆ ಬಾಯಿ ಏನು ಮಾಡುತ್ತದೋ.