ಗೊಬ್ಬರದ ಗುಂಡಿಯಲ್ಲಿ ಸಿಕ್ಕ ಪತ್ರ

ತಮ್ಮಾ,

ಗಿಡಗಳ ನರ್ಸರಿಗೆ ಹೊರಟೆ. ಬೆಳಿಗ್ಗೆ ಗೊಬ್ಬರದ ಗುಂಡಿ ಮಗುಚಿದೆ. ಮೂರು ವಾರದ ಹಿಂದೆ ಹಾಕಿದ ಸೌತೆಕಾಯಿ ಸಿಪ್ಪೆಯ ಸುಳಿವೇ ಇಲ್ಲ. ಒಣ ಎಲೆ ಅರ್ಧಂಬರ್ಧ ಕೊಳೆತಿದೆ. ಅದರಡಿ, ಫ್ಯಾಕ್ಟರಿಯವರು ನಿನ್ನನ್ನು ಕೆಲಸದಿಂದ ತೆಗೆದ ಪತ್ರ. ಒಂದಕ್ಷರವೂ ಅಳಿಸಿಲ್ಲ.

ಮರದಿಂದ ಮಾಡಿದ ದಪ್ಪ ಕಾಗದ ಸಿಪ್ಪೆಯಷ್ಟು ಬೇಗ ಮಣ್ಣಾಗುತ್ತೆ ಅಂದ್ಕೊಂಡೆಯಾ? ಇಪ್ಪತ್ತು ವರ್ಷದಿಂದ ಗೊಬ್ಬರ ಮಾಡುವವಳ ತಮ್ಮ ಅಂತ ಎಲ್ಲೂ ಹೇಳ್ಕೋಬೇಡ. ಮುಚ್ಚಿಡೋಕೂ ತಲೆ ಬೇಕು ಕಣೋ.

ದಿನಾ ಕೆಲಸಕ್ಕೆ ಅಂತ ಊಟದ ಡಬ್ಬಿ ಹಿಡ್ಕೊಂಡು ಹೋಗಿ ಯಾವ ಪಾರ್ಕಿನ ಬೆಂಚು ಸವೆಸ್ತಿದ್ದೆಯೋ ದೇವರಿಗೇ ಗೊತ್ತು.

ಗುಂಡಿಗೆ ನೀರು ಚಿಮುಕಿಸು. ಪತ್ರ ನಿನ್ನ ದಿಂಬಿನಡಿ ಇದೆ, ಅಮ್ಮನಿಗೆ ನೀನೇ ಹೇಳು.

ಇವತ್ತು ಡಬ್ಬಿ ಕಟ್ಟಿಲ್ಲ. ತಟ್ಟೆಗೆ ಬಡಿಸಿ ಮುಚ್ಚಿಟ್ಟಿದ್ದೀನಿ. ಮನೆಯಲ್ಲೇ ಕೂತು ಊಟ ಮಾಡು.

ಅಕ್ಕ