ಒಬ್ಬರೂ ಸತ್ತಿಲ್ಲ

ಬೊಗೊಟಾ, ಮಾರ್ಚ್ 3, ಬೆಳಿಗ್ಗೆ

ರಿಹರ್ಸಲ್ ಮತ್ತೆ ತಡ. ಕಪ್ಪು ಬ್ಲೌಸ್, ಉಂಗುರ ಬಿಚ್ಚಿಡಬೇಕು, ಉಗುರಿಗೆ ಬಣ್ಣ ಕೂಡದು. ಅಧ್ಯಕ್ಷರು ಟಿವಿಯಲ್ಲಿ ಮಾತಾಡುವಾಗ ಮೂಲೆಯ ಚೌಕದಲ್ಲಿ ನಿಂತು ಕಿವುಡರಿಗೆ ಸನ್ನೆಯಲ್ಲಿ ಹೇಳುವವಳು ನಾನು... ಮುಖಕ್ಕಿಂತ ಕೈಗೇ ಮೇಕಪ್ ಜಾಸ್ತಿ. ಗುರುವಾರ ದೊಡ್ಡ ಭಾಷಣವಂತೆ — ದಕ್ಷಿಣದಲ್ಲಿ ಶಾಂತಿ, ಶಾಲೆಮಕ್ಕಳಿಗೆ ಊಟ. ತಮ್ಮ ಎವೆಲಿಯೊ ಬೀಗುತ್ತಾನೆ. ದಕ್ಷಿಣದ ನಮ್ಮೂರಲ್ಲಿ ಆ ಊಟದ ಲಾರಿ ಓಡಿಸುವವನು ಅವನೇ. ಅಲ್ಲೇ ಇರುವ ಅಮ್ಮ ಹುಟ್ಟುಕಿವುಡಿ, ಓದು ಬಾರದು. ನಾನು ಕಲಿಸಿದ ಸನ್ನೆ ಬಲ್ಲಳು. ಯಾವ ಭಾಷಣವನ್ನೂ ತಪ್ಪಿಸುವುದಿಲ್ಲ.

ಮಾರ್ಚ್ 4, ಮಧ್ಯಾಹ್ನ

ಎವೆಲಿಯೊ ಹೋದ. ನಿನ್ನೆ ಸಂಜೆ ಬಂಡುಕೋರರು ಲಾರಿ ತಡೆದು ಗುಂಡು ಹೊಡೆದಿದ್ದಾರೆ. ಅಮ್ಮನ ಪಕ್ಕದ ಮನೆಯ ದೊನ್ಯಾ ಒತೀಲಿಯಾ ಗುಡ್ಡ ಹತ್ತಿ ಫೋನ್ ಮಾಡಿದರು. ಊರಿನ ಮೊಬೈಲ್ ಟವರ್ ಸುಟ್ಟಿದ್ದಾರೆ; ಗುಡ್ಡದ ಮೇಲೆ ಮಾತಷ್ಟೇ ಸಿಗುತ್ತದೆ, ಅಮ್ಮನಿಗೆ ಸನ್ನೆ ತೋರಿಸಲು ವಿಡಿಯೋ ಇಲ್ಲ.

"ಹೆಣ ಪಟ್ಟಣದಲ್ಲೇ ಇಟ್ಕೊಂಡವ್ರೆ ಮಗಳೇ. ನಿಮ್ಮಮ್ಮಂಗೆ ಕೈಬಾಯಿ ಆಡ್ಸಿ ಆಡ್ಸಿ ಹೇಳ್ದೆ. ನಂಬಲ್ಲ! ನನ್ನೇ ಹೊಡಿಯಕ್ಕೆ ಬಂದ್ಲು. ಟಿವಿ ಕಡೆ ಬೆರಳು ತೋರಿಸ್ತಾಳೆ, ನನ್ನ ಮಗಳು ನೂಬಿಯಾ ಹೇಳ್ಲಿ ಅಂತ."

ದಾರಿಗೆ ಮರ ಕಡಿದು ಕೆಡವಿದ್ದಾರೆ. ಬಸ್ಸಿಲ್ಲ. ಅಳು ಕೂಡ ಬರುತ್ತಿಲ್ಲ.

ಮಾರ್ಚ್ 5, ಸಂಜೆ 5

ಭಾಷಣದ ಪ್ರತಿ ಬಂತು. ಎರಡನೇ ಪುಟ: "ಇಪ್ಪತ್ತು ದಿನಗಳಿಂದ ದಕ್ಷಿಣದಲ್ಲಿ ಒಬ್ಬರೂ ಸತ್ತಿಲ್ಲ." ನಿರ್ದೇಶಕ ದೋನ್ ರಮೀರೊಗೆ ತೋರಿಸಿದೆ.

"ನನ್ನ ತಮ್ಮ ಸತ್ತಿದಾನೆ, ಸಾರ್."

ತಲೆ ತಗ್ಗಿಸಿದರು. "ಗೊತ್ತಮ್ಮ... ಇದು ಮೇಲಿಂದ ಬಂದಿರೋದು. ಆಗಲ್ಲ ಅಂದ್ರೆ ಬೇರೆಯವ್ರನ್ನ ಕರೀತೀನಿ."

ಬೇರೆಯವರು ನಿಂತರೆ ಅಮ್ಮನಿಗೆ ಹೇಳುವವರಾರು? ನಾನೇ ನಿಲ್ಲುತ್ತೇನೆ. ಕೊನೆಯಲ್ಲಿ ಎರಡೇ ಸನ್ನೆ ಸೇರಿಸುತ್ತೇನೆ — ಹುಬ್ಬು ಮುಟ್ಟಿದರೆ ಎವೆಲಿಯೊ, ನಮ್ಮನೆಯಲ್ಲಿ ಅವನ ಹೆಸರು ಅದೇ. ಆಮೇಲೆ ಸಾವು. ಸ್ವಂತದ್ದು ಸೇರಿಸಿದರೆ ಕೆಲಸ ಹೋಗುತ್ತದೆ. ಹೋಗಲಿ.

ಅದೇ ದಿನ, 8 ಗಂಟೆ

ಹೇಳಲಿಲ್ಲ.

"ಒಬ್ಬರೂ ಸತ್ತಿಲ್ಲ" — ಅಚ್ಚುಕಟ್ಟಾಗಿ ಮಾಡಿದೆ. ಹದಿನಾಲ್ಕು ವರ್ಷದ ರೂಢಿ, ಕಿವಿಗೆ ಬಿದ್ದದ್ದನ್ನು ಕೈ ಆಡಿಬಿಟ್ಟಿತು. ಕೊನೆಗೆ ಹುಬ್ಬಿನವರೆಗೆ ಹೋದ ಕೈ ಕೂದಲು ಸರಿಮಾಡಿ ಇಳಿಯಿತು. ಹೇಡಿ ನಾನು. ಕೆಲಸದ ಭಯವೋ, ಇಡೀ ದೇಶದೆದುರು ಅಮ್ಮನ ಕರುಳು ಕೀಳುವ ಭಯವೋ... ಗೊತ್ತಿಲ್ಲ.

ಮಾರ್ಚ್ 8, ಬಸ್ ನಿಲ್ದಾಣ

ದಾರಿ ತೆರವಾಗಿದೆ. ಈಗಷ್ಟೇ ಒತೀಲಿಯಾ ಫೋನ್.

"ಅವತ್ತು ಏನೇ ಹೇಳ್ದೆ ನೀನು? ಟಿವಿ ನೋಡಿ ನನ್ನ ತಬ್ಕೊಂಡು ಕುಣಿದ್ಲಲ್ಲೇ ನಿಮ್ಮಮ್ಮ! ದಿನಾ ಕೋಳಿ ಕುಯ್ದು ಸಾರು ಮಾಡ್ತಾಳೆ, ಬಾಗಿಲಲ್ಲಿ ಕೂರ್ತಾಳೆ. ಮಗ ಬರ್ತಾನಂತೆ. ನೀನೇ ಹೇಳಿದ್ಯಂತೆ."

ನಾನು ಬಸ್ಸಿಳಿದ ಕೂಡಲೇ ಅಮ್ಮ ಓಡಿ ಬರುತ್ತಾಳೆ. ನನ್ನ ಬೆನ್ನ ಹಿಂದೆ ಅವನನ್ನು ಹುಡುಕುತ್ತಾಳೆ. ಆಮೇಲೆ ನನ್ನ ಕೈ ನೋಡುತ್ತಾಳೆ. ಆಗ ನಾನು, ಇದೇ ಕೈಯಲ್ಲಿ —